ಅಂಗೈಯಲ್ಲಿ ಮೊಟ್ಟೆ, ಗೋಡೆಯ ಮೇಲೆ ಇಂಗ್ಲಿಷು

ನನ್ನ ಅಕ್ಷರದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಈಚೆಗೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಿಕೊಳ್ಳದೆ ವಿಧಿಯಿಲ್ಲ. ನಮ್ಮೂರ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ನೋಟೀಸು ಬರೆದವನು ನಾನು. 'ನಾಳೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ನೀರು ಬರುವುದಿಲ್ಲ' ಎಂದು ಕುಂಚದಲ್ಲಿ ಬರೆದು ಗೇಟಿಗೆ ಅಂಟಿಸಿದರೆ ಜನ ಕಚೇರಿಯನ್ನು ಬೈಯುವುದಕ್ಕೆ ಮೊದಲು ಒಂದು ನಿಮಿಷ ನಿಂತು ನೋಡುತ್ತಿದ್ದರು. ಆಮೇಲೆ ಬೈಯುತ್ತಿದ್ದರು, ಅದು ಬೇರೆ ಮಾತು. ಅಂಗಡಿ ಬೋರ್ಡಿಗೆ, ಹೊಸವರ್ಷಕ್ಕೆ ಬಾಗಿಲಿಗೆ ಅಂಟಿಸುವ ಶುಭನುಡಿಯ ಪಟ್ಟಿಗೆ, ಮದುವೆಗೆ, ಸಾವಿಗೆ, ಎಲ್ಲದಕ್ಕೂ ಪಾಂಗ್ ಮೇಷ್ಟ್ರೇ ಬೇಕು ಎನ್ನುತ್ತಿದ್ದರು. (ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಅಕ್ಷರ ನೋಡಿ ಜನ ತಾವಾಗಿಯೇ ಕೊಟ್ಟ ಬಿರುದು ಅದು. ನನ್ನ ಹೆಂಡತಿ ಮಾತ್ರ ಈ ಬಿರುದನ್ನು ಇಂದಿಗೂ ಒಪ್ಪಿಲ್ಲ.)

ಹೋದ ವರ್ಷ ಕಚೇರಿಗೆ ಪ್ರಿಂಟರ್ ಬಂತು. ಈಗ ನೀರು ಬರುವುದಿಲ್ಲ ಎಂಬುದನ್ನು ಅದೇ ಹೇಳುತ್ತದೆ. ನನ್ನನ್ನು ಮೀಟರ್ ಪುಸ್ತಕಗಳನ್ನು ಜೋಡಿಸಿಡುವ ಕೆಲಸಕ್ಕೆ ಹಾಕಿದರು. ಮನೆಗೆ ಬಂದು ಸುಮ್ಮನೆ ಊಟ ಮಾಡಿ ಸುಮ್ಮನೆ ಮಲಗುವ ಮನುಷ್ಯನಾಗಿಬಿಟ್ಟೆ. ನಿಜ ಹೇಳುತ್ತೇನೆ, ಆಗ ನನಗೆ ಬಹಳ ಬೇಜಾರಾಗಿತ್ತು.

ಇಂಥ ಹೊತ್ತಿನಲ್ಲಿ ನನ್ನ ಮಗಳು ಯೀಲಾನ್ ಇಂಗ್ಲಿಷ್ ಉತ್ತರಪತ್ರಿಕೆ ತಂದು ಊಟದ ಮೇಜಿನ ಮೇಲಿಟ್ಟಳು. ಅವಳು ಆಗ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದಳು. ಜೂನ್ ತಿಂಗಳಲ್ಲಿ ಮಹಾಪರೀಕ್ಷೆ. ಯಾವ ಊರಿನ ಯಾವ ವಿಶ್ವವಿದ್ಯಾಲಯ ಎಂಬುದೆಲ್ಲ ಆ ಎರಡು ಮೂರು ದಿನದಲ್ಲಿ ತೀರ್ಮಾನವಾಗಬೇಕಿತ್ತು. ಉಳಿದ ವಿಷಯಗಳಲ್ಲಿ ಅವಳಿಗೆ ತೊಂದರೆಯಿರಲಿಲ್ಲ. ಇಂಗ್ಲಿಷ್ ಒಂದೇ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಮೊದಲ ಪೂರ್ವಪರೀಕ್ಷೆಯಲ್ಲಿ ನೂರೈವತ್ತಕ್ಕೆ ನೂರಹನ್ನೆರಡು ಬಂದಿತ್ತು, ಕೆಳಗೆ ಯಾನ್ ಟೀಚರು ಕೆಂಪು ಶಾಯಿಯಲ್ಲಿ ಒಂದು ಮಾತು ಬರೆದಿದ್ದರು. 'ವಿಷಯ ಚೆನ್ನಾಗಿದೆ, ಅಕ್ಷರ ಚೆನ್ನಾಗಿಲ್ಲ. ಮಹಾಪರೀಕ್ಷೆಯಲ್ಲಿ ಪತ್ರಿಕೆ ತಿದ್ದುವವರು ಅದನ್ನು ಕಂಪ್ಯೂಟರ್ ಪರದೆಯ ಮೇಲೆ ಒಂದು ನಿಮಿಷವೂ ನೋಡುವುದಿಲ್ಲ. ಅಕ್ಷರ ಅಚ್ಚು ಹಾಕಿದ ಹಾಗೆ ದುಂಡಗಿರಬೇಕು. ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿ.'

ನಾನು ಆ ಸಾಲನ್ನು ಮೂರು ಸಲ ಓದಿದೆ. ನನ್ನ ಮಗಳ ಅಕ್ಷರ ಚೆನ್ನಾಗಿಲ್ಲ. ಪಾಂಗ್ ಮೇಷ್ಟ್ರ ಮಗಳ ಅಕ್ಷರ. ಎಷ್ಟೋ ತಿಂಗಳ ಮೇಲೆ ಮೈಯಲ್ಲಿ ರಕ್ತ ಓಡಿದಂತಾಯಿತು.

"ನಾನು ಕಲಿಸ್ತೀನಿ," ಎಂದೆ.

ನನ್ನ ಹೆಂಡತಿ ಸೂಯುನ್ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಮೈಕ್ ಇಲ್ಲ ಎಂಬುದು ಅವಳಿಗೆ ನೆನಪಿರುವುದಿಲ್ಲ. "ರೀ, ನಿಮಗೆ ಇಂಗ್ಲಿಷಲ್ಲಿ ಏನು ಬರುತ್ತೆ?"

"ಬರೋದು ಬೇಕಾಗಿಲ್ಲ. ಬರೆಯೋಕೆ ಬಂದ್ರೆ ಸಾಕು. ಅವಳಿಗೆ ಕಮ್ಮಿ ಆಗಿರೋದು ಅಕ್ಷರ ತಾನೇ? ನಮ್ಮದು ಸಾವಿರಾರು ಅಕ್ಷರ, ಅವರದು ಬರೀ ಇಪ್ಪತ್ತಾರು. ಒಂದು ಭಾನುವಾರದ ಕೆಲಸ."

"ಅಪ್ಪ, ಅದು ಕುಂಚದಲ್ಲಿ ಬರೆಯೋದಲ್ಲ," ಎಂದಳು ಯೀಲಾನ್, ಅನ್ನದ ಬಟ್ಟಲಿನಿಂದ ತಲೆಯೆತ್ತದೆ.

"ಕುಂಚ ಆದ್ರೇನು, ಪೆನ್ನಾದ್ರೇನು. ಕೈ ಒಂದೇ ಅಲ್ವಾ?"

ಹಾಗೆ ಆರಂಭವಾಯಿತು ನಮ್ಮ ಮನೆಯ ಆಂಗ್ಲಾಕ್ಷರ ಸಂಸ್ಕಾರ. ಅಚ್ಚಿನ ಮಾದರಿಪುಸ್ತಕ ಒಂದನ್ನು ಕೊಂಡು ತಂದು ಇಪ್ಪತ್ತಾರು ಅಕ್ಷರಗಳನ್ನೂ ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದೆ. ಆಗ ಗೊತ್ತಾದ ಆಘಾತಕಾರಿ ಸಂಗತಿಯೆಂದರೆ, ಇಷ್ಟು ದೊಡ್ಡ ಭಾಷೆಯಲ್ಲಿ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬ ವಿಷಯದಲ್ಲಿ ಕಟ್ಟುನಿಟ್ಟೇ ಇಲ್ಲ. ನಮ್ಮಲ್ಲಿ ಗೆರೆಯ ಕ್ರಮ ತಪ್ಪಿದರೆ ಒಂದನೇ ತರಗತಿಯ ಮಗುವಿಗೂ ಕೈಮೇಲೆ ಏಟು ಬೀಳುತ್ತದೆ. ಅವರು ಮಾತ್ರ ಎಲ್ಲಿಂದ ಬೇಕಾದರೂ ಹೊರಟು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ಈ ಅರಾಜಕತೆಯನ್ನು ನಾನು ಸಹಿಸಲಿಲ್ಲ. 'ಎ'ಗೆ ಮೂರು ಹೆಜ್ಜೆ, 'ಎಫ್'ಗೆ ಮೂರು, 'ಜಿ'ಗೆ ಹೊಟ್ಟೆ, ಸೊಂಟ, ಬಾಲ ಎಲ್ಲ ಸೇರಿ ಐದು ಹೆಜ್ಜೆ ಗೊತ್ತುಮಾಡಿದೆ. ಇಂಗ್ಲಿಷಿಗೆ ನನ್ನಿಂದ ಇಷ್ಟಾದರೂ ಸೇವೆ ಸಂದಿದೆ.

ಕಲಿಸುವುದಕ್ಕೆ ಹೊತ್ತು ಬೇಕಲ್ಲ. ಬೆಳಿಗ್ಗೆ ಆರಕ್ಕೇ ಶಾಲೆಗೆ ಹೊರಟರೆ ಅವಳು ಅಲ್ಲೇ ಓದು ಮುಗಿಸಿ ಬರುವುದು ರಾತ್ರಿ ಹತ್ತಕ್ಕೆ. ಮಧ್ಯಾಹ್ನ ಊಟಕ್ಕೆ ಬಂದಾಗ ಮಾತ್ರ ಮನೆಯಲ್ಲಿ ಐವತ್ತು ನಿಮಿಷ ಸಿಗುತ್ತಿತ್ತು. ಅದರಲ್ಲಿ ಇಪ್ಪತ್ತೈದು ನಿಮಿಷ ಅವಳು ಮಲಗುತ್ತಿದ್ದಳು. ಆ ಇಪ್ಪತ್ತೈದನ್ನು ನಾನು ತೆಗೆದುಕೊಂಡೆ. (ಈಗ ಬರೆಯುವಾಗ ಕೈ ತಡವರಿಸುತ್ತಿದೆ. ಆಗ ತಡವರಿಸಲಿಲ್ಲ.)

"ಬೆನ್ನು ನೆಟ್ಟಗೆ. ಪಾದ ನೆಲಕ್ಕೆ. ಪೆನ್ನು ಹಿಡಿದಾಗ ಅಂಗೈ ಒಳಗೆ ಪೊಳ್ಳಿರಬೇಕು, ಒಂದು ಮೊಟ್ಟೆ ಹಿಡಿಸೋವಷ್ಟು."

"ಇದೆ ಅಪ್ಪ, ಪೊಳ್ಳಿದೆ."

"ಇಲ್ಲ. ಇರು."

ಅಡುಗೆಮನೆಯಿಂದ ಒಂದು ಕೋಳಿಮೊಟ್ಟೆ ತಂದು ಅವಳ ಅಂಗೈಯಲ್ಲಿಟ್ಟೆ. ನನ್ನ ಗುರುಗಳು ನನಗೆ ಹೀಗೇ ಕಲಿಸಿದ್ದು. ಅವರು ಆಕ್ರೋಟು ಇಡುತ್ತಿದ್ದರು, ನಾನು ಒಂದು ಹೆಜ್ಜೆ ಮುಂದೆ ಹೋದೆ. ಮೂರನೆಯ ಸಾಲಿನ 'ಜಿ'ಯ ಬಾಲ ತಿರುಗಿಸುವಾಗ ಮೊಟ್ಟೆ ಅವಳ ಶಬ್ದಪಟ್ಟಿಯ ಪುಸ್ತಕದ ಮೇಲೆ ಒಡೆಯಿತು.

"ಅದನ್ನ ಬಟ್ಟಲಿಗಾದರೂ ಬಳಿದು ಕೊಡಿ," ಎಂದಳು ಸೂಯುನ್ ಒಳಗಿನಿಂದ. "ಈರುಳ್ಳಿ ಸೊಪ್ಪು ಹಾಕಿ ದೋಸೆ ಹುಯ್ತೀನಿ. ಇನ್ನು ಆರು ಅಕ್ಷರಕ್ಕೆ ಆರು ಮೊಟ್ಟೆ ಆದ್ರೆ ಭಾನುವಾರದ ಊಟಕ್ಕೆ ಯೋಚನೆ ಇಲ್ಲ."

"ಕಲೆಯ ವಿಷಯ ನಿನಗೇನು ಗೊತ್ತು? ನೀನು ಬಸ್ ಕೂಗು."

"ನಾನು ಕೂಗಿದ ಬಸ್ಸು ಊರಿಗೆ ಹೋಗಿ ತಲುಪುತ್ತೆ. ನೀವು ಕಲಿಸಿದ ಅಕ್ಷರ ಎಲ್ಲಿಗೆ ತಲುಪುತ್ತೋ ನೋಡೋಣ."

ಮೂರು ವಾರದಲ್ಲಿ ಯೀಲಾನಳ ಅಕ್ಷರ ನಿಜಕ್ಕೂ ಸುಧಾರಿಸಿತು. ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ದುಂಡಗೆ, ಸಾಲಾಗಿ, ಒಂದೇ ಎತ್ತರದಲ್ಲಿ ನಿಂತವು. ಆದರೆ ಶಿಷ್ಯೆಗೆ ಮೇಲುಪಂಕ್ತಿ ಗುರು ಬರೆದು ತೋರಿಸಬೇಕಲ್ಲವೇ? ಮಾದರಿಪುಸ್ತಕದ ವಾಕ್ಯಗಳು ನನಗೆ ಸಪ್ಪೆ ಎನಿಸಿದವು. ಅವಳು ಶಾಲೆಗೆ ಹೋಗಿದ್ದಾಗ ಅವಳ ಕಾಗದದ ಕಟ್ಟು ಬಿಚ್ಚಿ, ವಾರವಾರದ ಅಭ್ಯಾಸಗಳಲ್ಲಿ ಹೆಚ್ಚು ಅಂಕ ಬಂದಿದ್ದನ್ನು ಹುಡುಕಿದೆ. ಹದಿನೈದಕ್ಕೆ ಹದಿಮೂರು ಬಂದ ಒಂದು ಪತ್ರ ಸಿಕ್ಕಿತು. ಇಂಗ್ಲಿಷ್ ಪರೀಕ್ಷೆಯಲ್ಲಿ ಪೀಟರ್ ಎಂಬ ವಿದೇಶಿ ಗೆಳೆಯನಿಗೋ ಅವನಂಥ ಇನ್ನೊಬ್ಬನಿಗೋ ಕಾಗದ ಬರೆಯುವ ಪ್ರಶ್ನೆ ತಪ್ಪುವುದಿಲ್ಲ. ಪೀಟರನಿಗೆ ನಮ್ಮ ದೇಶದ ಬಗ್ಗೆ ಸದಾ ಏನೋ ಒಂದು ಅನುಮಾನ. ಮಕ್ಕಳು ತಮ್ಮ ಹೆಸರು ಹಾಕುವಂತಿಲ್ಲ, ಪ್ರಶ್ನೆಪತ್ರಿಕೆ ಕೊಟ್ಟ ಹೆಸರನ್ನೇ ಹಾಕಿ ಅವನ ಅನುಮಾನ ಬಗೆಹರಿಸಬೇಕು.

ನಮ್ಮೂರ ಸುತ್ತಲಿನ ಹಳ್ಳಿಗಳಲ್ಲಿ ಮಾಡುವ ಕಾಗದ ದೇಶಕ್ಕೆಲ್ಲ ಹೆಸರುವಾಸಿ. ಮದುವೆಯಲ್ಲಿ ಉಡುಗೊರೆ ಬಂದ ಒಂದು ಹಾಳೆಯನ್ನು ಇಪ್ಪತ್ತು ವರ್ಷದಿಂದ ಜೋಪಾನ ಮಾಡಿದ್ದೆ. ಅದನ್ನು ಹೊರತೆಗೆದೆ. ಕಚೇರಿಗೆ ಎರಡು ದಿನ ರಜೆ ಹಾಕಿ, ಶಾಯಿ ಅರೆದು, ಆ ಇಡೀ ಪತ್ರವನ್ನು ಆಳೆತ್ತರಕ್ಕೆ ಕುಂಚದಲ್ಲಿ ಬರೆದೆ. ಒಂದು ಪದದ ಅರ್ಥವೂ ಗೊತ್ತಿಲ್ಲದಿದ್ದುದರಿಂದ ಗಮನವೆಲ್ಲ ಅಕ್ಷರದ ಮೇಲೇ ಇತ್ತು. ಕೊನೆಯಲ್ಲಿ ನನ್ನ ಹೆಸರಿನ ಕೆಂಪು ಮೊಹರು ಒತ್ತಿ ಊಟದ ಮೇಜಿನ ಎದುರು ತೂಗುಹಾಕಿದೆ.

ಮಧ್ಯಾಹ್ನ ಯೀಲಾನ್ ಬಂದಳು. ಬಾಗಿಲಲ್ಲೇ ನಿಂತಳು.

"ಅಪ್ಪ, ಇದನ್ನೇ ಯಾಕೆ ಬರೆದ್ರಿ?"

"ಯಾಕೆ, ಚೆನ್ನಾಗಿಲ್ವಾ?"

"ಅಕ್ಷರ ತುಂಬಾ ಚೆನ್ನಾಗಿದೆ."

"ಏನು ಬರೆದಿದೀಯ ಇದರಲ್ಲಿ?"

ಅವಳು ಬಟ್ಟಲು ತೆಗೆದುಕೊಂಡು ಕೂತಳು. ಒಂದು ತುತ್ತು ತಿಂದಳು. "ಪೀಟರ್‌ಗೆ ಕಾಗದ. ಮನೆ ವಿಚಾರ."

"ಒಳ್ಳೇದು. ಮನೆ ವಿಚಾರ ಬರೆದ್ರೆ ಅಂಕ ಬರುತ್ತೆ ನೋಡು," ಎಂದೆ. ಅವಳು ಅಂದು ನನಗೆ ತಾನಾಗಿಯೇ ಎರಡು ಹೋಳು ಕಳಲೆ ಬಡಿಸಿದಳು. ಕಲೆಗೆ ಇರುವ ಶಕ್ತಿಯೇ ಅಂಥದ್ದು ಎಂದುಕೊಂಡೆ. ಫೋಟೋ ತೆಗೆದು ಸೂಯುನ್‌ಗೂ ಕಳಿಸಿದೆ. ಸಂಜೆ ಬಂದವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡೆ.

ಏಪ್ರಿಲ್‌ನಲ್ಲಿ ಎರಡನೆಯ ಪೂರ್ವಪರೀಕ್ಷೆ ಮುಗಿದು ಪೋಷಕರ ಸಭೆ ಕರೆದರು. ನಾನು ಕೋಟು ಹಾಕಿಕೊಂಡು, ಆ ಬರಹವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸಭೆಗೆ ಅರ್ಧ ಗಂಟೆ ಮೊದಲೇ ಹೋದೆ. ಯಾನ್ ಟೀಚರು ಮೂವತ್ತರ ಆಸುಪಾಸಿನ ಸಣ್ಣ ಆಕೃತಿಯ ಹೆಂಗಸು. ಸುರುಳಿ ಬಿಚ್ಚಿ ತೋರಿಸಿ, ಇದು ತರಗತಿಯ ಗೋಡೆಗೆ ನನ್ನ ಕಾಣಿಕೆ ಎಂದೆ. ಅವರು ಓದಿದರು. ಅವರ ಮುಖ ಕೆಂಪಾಯಿತು.

"ಅಯ್ಯೋ, ಬೇಡ ಪಾಂಗ್ ಮೇಷ್ಟ್ರೇ. ಇದು ನಿಮ್ಮ ಮನೇಲೇ ಇರಲಿ."

ಎಂಥ ಸಂಸ್ಕಾರ. ನಮ್ಮಲ್ಲಿ ಉಡುಗೊರೆಯನ್ನು ಮೊದಲ ಸಲಕ್ಕೇ ತೆಗೆದುಕೊಳ್ಳುವವರು ಮಾನಗೆಟ್ಟವರು ಮಾತ್ರ. ಎರಡನೆಯ ಸಲ ಮುಂದೆ ಹಿಡಿದೆ.

"ನಿಜವಾಗಲೂ ಬೇಡ. ದಯವಿಟ್ಟು," ಎಂದು ಅವರು ಎರಡೂ ಕೈಯಲ್ಲಿ ಹಿಂದಕ್ಕೆ ತಳ್ಳಿದರು.

"ನೀವು ಬೇಡ ಅಂದ್ರೆ ನನಗೆ ಅವಮಾನ," ಎಂದು ನಾನು ಮುಂದಕ್ಕೆ ತಳ್ಳಿದೆ.

"ಮೇಷ್ಟ್ರೇ, ಇಲ್ಲಿ ತೂಗುಹಾಕಿದ್ರೆ ಚೆನ್ನಾಗಿರಲ್ಲ."

ಮೂರು ಸಲ ಬೇಡ ಎಂದದ್ದಾಯಿತು. ಶಾಸ್ತ್ರ ಮುಗಿಯಿತು. ನಾನೇ ಕುರ್ಚಿ ಹತ್ತಿ ಕರಿಹಲಗೆಯ ಪಕ್ಕದ ಮೊಳೆಗೆ ಅದನ್ನು ಸಿಕ್ಕಿಸಿದೆ. ಅಷ್ಟರಲ್ಲಿ ಪೋಷಕರು ಬರತೊಡಗಿದರು, ಯಾನ್ ಟೀಚರು ಅವರನ್ನು ಎದುರುಗೊಳ್ಳಲು ಬಾಗಿಲಿಗೆ ಹೋದರು.

ನಲವತ್ತೆಂಟು ಪೋಷಕರು ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂತೆವು. ಎಲ್ಲರ ಕಣ್ಣೂ ಗೋಡೆಯ ಮೇಲೆ. ಒಬ್ಬೊಬ್ಬರಾಗಿ ಮೊಬೈಲು ಎತ್ತಿ ಬರಹದ ಕಡೆ ಹಿಡಿದರು. ನೆನಪಿಗೆ ಫೋಟೋ ತೆಗೆಯುತ್ತಿದ್ದಾರೆ ಎಂದು ನಾನು ಮುಖ ಗಂಭೀರ ಮಾಡಿಕೊಂಡೆ. (ಮೊಬೈಲನ್ನು ಹಾಗೆ ಹಿಡಿದರೆ ಇಂಗ್ಲಿಷು ನಮ್ಮ ಭಾಷೆಗೆ ತಿರುಗಿ ಕಾಣಿಸುತ್ತದೆ ಎಂಬ ವಿದ್ಯೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.) ಹಿಂದಿನ ಬೆಂಚಿನಿಂದ ಒಬ್ಬರು ಬಗ್ಗಿ ಕೇಳಿದರು.

"ಮೇಷ್ಟ್ರೇ, ಆ ಮೊಟ್ಟೆ ಹಸೀದೋ, ಬೇಯಿಸಿದ್ದೋ?"

ಮೊಟ್ಟೆಯ ವಿಷಯ ಊರಿಗೆಲ್ಲ ಹಬ್ಬಿದೆ. ಸೂಯುನ್‌ಳದೇ ಬಾಯಿ. ಆದರೂ ವಿದ್ಯೆ ಕೇಳಿದವರಿಗೆ ಹೇಳಬೇಕು. "ಹಸೀದು. ಬೇಯಿಸಿದ್ದು ಆದ್ರೆ ಕೈಗೆ ಭಯ ಇರೋದಿಲ್ಲ," ಎಂದೆ. ಬೆಂಚುಗಳಲ್ಲಿ ಒಂದಿಷ್ಟು ಕೆಮ್ಮು ಕೇಳಿಸಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ಬಹಳ ಮರುಕದಿಂದ ನೋಡಿದಳು. "ನಿಮ್ಮ ಕಚೇರಿಗೆ ಪ್ರಿಂಟರ್ ಬಂದು ಎಷ್ಟು ದಿನ ಆಯ್ತಣ್ಣ?"

ನನಗೆ ಆಗ ಎಲ್ಲೋ ಏನೋ ಸರಿಯಿಲ್ಲ ಎನಿಸಿತು. ಮೊಟ್ಟೆ ಸರಿ, ಪ್ರಿಂಟರ್ ಹೇಗೆ ಬಂತು ಇಲ್ಲಿಗೆ?

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಯಾನ್ ಟೀಚರು ಬಾಗಿಲು ಮುಂದೆ ಮಾಡಿ ಬಂದರು. "ಕೂತ್ಕೊಳ್ಳಿ ಮೇಷ್ಟ್ರೇ. ಓದಿ ಹೇಳ್ತೀನಿ," ಎಂದರು. ನಾನು ಬರೆದ ಬರಹದ ಮುಂದೆ ನಿಂತು ಅವರು ಒಂದೊಂದೇ ಸಾಲನ್ನು ನಮ್ಮ ಭಾಷೆಯಲ್ಲಿ ಹೇಳಿದರು.

'ಪ್ರಿಯ ಪೀಟರ್, ನನ್ನದೊಂದು ಕಷ್ಟ ಇದೆ, ನಿನ್ನ ಸಲಹೆ ಬೇಕು. ನನ್ನ ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅವರು ನನಗೆ ಇಂಗ್ಲಿಷ್ ಕಲಿಸುತ್ತಿದ್ದಾರೆ. ನನ್ನ ಕೈಯಲ್ಲಿ ಮೊಟ್ಟೆ ಇಡುತ್ತಾರೆ. ಮಧ್ಯಾಹ್ನದ ನಿದ್ದೆ ಈಗ ನನಗೆ ಇಲ್ಲ, ಅದನ್ನು ಜಿ ಅಕ್ಷರದ ಬಾಲಕ್ಕೆ ಕೊಟ್ಟಿದ್ದೇನೆ. ತರಗತಿಯಲ್ಲಿ ಕಣ್ಣು ಮುಚ್ಚುತ್ತದೆ. ಆದರೆ ಅವರ ಕಚೇರಿಗೆ ಪ್ರಿಂಟರ್ ಬಂದ ಮೇಲೆ ಅವರು ಇಷ್ಟು ಸಂತೋಷವಾಗಿದ್ದನ್ನು ನಾನು ನೋಡಿರಲಿಲ್ಲ. ನಿಲ್ಲಿಸಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನಾನು ಏನು ಮಾಡಲಿ? ನಿನ್ನ ಉತ್ತರಕ್ಕೆ ಕಾಯುತ್ತೇನೆ.'

ಕೆಳಗೆ ನನ್ನ ಮೊಹರು. ನನ್ನ ಮೇಲಿನ ದೂರನ್ನು ನಾನೇ ಆಳೆತ್ತರಕ್ಕೆ ಬರೆದು, ನಾನೇ ಮೊಹರು ಒತ್ತಿ, ಟೀಚರು ಬೇಡವೆಂದರೂ ಕೇಳದೆ ಸಭೆಯ ಮುಂದೆ ಮಂಡಿಸಿದ್ದೆ.

"ಹದಿಮೂರು ಕೊಟ್ಟಿದ್ದು ಇದಕ್ಕೇ," ಎಂದರು ಟೀಚರು. "ಬೇರೆ ಮಕ್ಕಳು ಬಾಯಿಪಾಠ ಮಾಡಿದ್ದನ್ನ ಇಳಿಸ್ತಾರೆ. ಇವಳು ನಿಜ ಬರೆದಿದಾಳೆ." ಆಮೇಲೆ ಎರಡನೆಯ ಪೂರ್ವಪರೀಕ್ಷೆಯ ಉತ್ತರಪತ್ರಿಕೆ ತೆಗೆದಿಟ್ಟರು. ಅಕ್ಷರ ಅಚ್ಚು ಹಾಕಿದ ಹಾಗಿತ್ತು. ಕೊನೆಯ ಪ್ರಶ್ನೆಯಲ್ಲಿ ಕಥೆಯನ್ನು ಎರಡು ಪ್ಯಾರಾ ಮುಂದುವರಿಸಬೇಕಿತ್ತು. ಒಂದು ಪ್ಯಾರಾ ಮುತ್ತು ಪೋಣಿಸಿದಂತಿತ್ತು, ಇನ್ನೊಂದರ ಜಾಗ ಖಾಲಿ. ಬರೆಯಲು ಹೊತ್ತು ಸಾಕಾಗಿರಲಿಲ್ಲ. ನೂರಹನ್ನೆರಡು ಇದ್ದಿದ್ದು ನೂರನಾಲ್ಕಕ್ಕೆ ಇಳಿದಿತ್ತು.

ಆ ಖಾಲಿ ಜಾಗವನ್ನು ನೋಡುತ್ತ ಕೂತೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಮಗಳ ನಿದ್ದೆ ಕಿತ್ತುಕೊಂಡು ನಾನು ಸಂತೋಷವಾಗಿದ್ದೆ, ಅವಳು ಅದನ್ನು ತಿಳಿದೇ ಕೊಟ್ಟಿದ್ದಳು.

ಮನೆಗೆ ಬಂದವನು ಸೂಯುನ್‌ಳನ್ನು ಅಡುಗೆಮನೆಯಲ್ಲಿ ಹಿಡಿದೆ. "ನಿನಗೆ ಗೊತ್ತಿತ್ತಾ ಅದರಲ್ಲಿ ಏನು ಬರೆದಿತ್ತು ಅಂತ?"

"ನೀವು ಫೋಟೋ ಕಳಿಸಿದ ದಿನವೇ ಟಿಕೆಟ್ ಕೊಡೋ ಹುಡುಗಿ ಓದಿ ಹೇಳಿದ್ಲು. ನಿಲ್ದಾಣದಲ್ಲಿ ಎಲ್ಲರೂ ನಕ್ಕರು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಬಂದೆ. ನೀವು ಹಾಡ್ಕೊಂಡು ಪಾತ್ರೆ ತೊಳೀತಿದ್ರಿ. ಮದುವೆ ಆದ ಮೇಲೆ ಅದು ಮೊದಲನೇ ಸಲ. ಇನ್ನೊಂದು ವಾರ ತೊಳೀಲಿ ಅಂತ ಸುಮ್ಮನಾದೆ."

"ಈಗ ನಾನೇನು ಮಾಡ್ಲಿ?"

"ನನ್ನ ಕೇಳ್ತೀರಲ್ಲ. ಅವಳು ಕೇಳಿರೋದು ಆ ಪೀಟರನ್ನ. ಅವನು ಏನಂತಾನೋ ನೋಡಿ."

ಹೆಂಡತಿ ಕುಹಕಕ್ಕೆ ಹೇಳಿದ ಮಾತು ನನ್ನೊಳಗೆ ದೀಪ ಹಚ್ಚಿತು. ಹೌದಲ್ಲ, ಹುಡುಗಿ ಉತ್ತರಕ್ಕೆ ಕಾಯುತ್ತೇನೆ ಎಂದು ಬರೆದಿದ್ದಾಳೆ. ಆ ಪೀಟರನಿಂದ ಇಷ್ಟು ವರ್ಷದಲ್ಲಿ ಈ ದೇಶದ ಒಂದು ಮಗುವಿಗಾದರೂ ಉತ್ತರ ಬಂದದ್ದುಂಟೇ? ನಾನೇ ಬರೆಯುತ್ತೇನೆ ಎಂದು ನಿಶ್ಚಯಿಸಿದೆ. ಅವಳ ಹಳೆಯ ನಿಘಂಟು ತೆಗೆದು, ಕಚೇರಿಯಲ್ಲಿ ಮೀಟರ್ ಪುಸ್ತಕಗಳ ಸಂದಿಯಲ್ಲಿಟ್ಟುಕೊಂಡು, ನಾಲ್ಕು ದಿನ ಒಂದೊಂದು ಪದವನ್ನೂ ಹುಡುಕಿ ಹುಡುಕಿ ಆರು ಸಾಲು ಕೂಡಿಸಿದೆ. ನಿನ್ನ ಅಪ್ಪನಿಗೆ ಕೋಪ ಬರುವುದಿಲ್ಲ, ಮೊಟ್ಟೆಯನ್ನು ತಿಂದುಬಿಡು, ನೀನು ಮಧ್ಯಾಹ್ನ ಮಲಗು, ಅಕ್ಷರ ಈಗ ಇರುವಷ್ಟು ಸಾಕು, ಬೇಗ ಬೇಗ ಬರೆ, ಇಂತಿ ಪೀಟರ್. ಇಷ್ಟು ಬರೆದಿದ್ದೇನೆ ಎಂದು ನಾನು ತಿಳಿದಿದ್ದೆ. ಆ ನಾಲ್ಕು ದಿನ ಬೆನ್ನು ನೋವು ಎಂದು ಹೇಳಿ ಪಾಠ ತಪ್ಪಿಸಿದೆ. ಐದನೆಯ ದಿನ ಮಧ್ಯಾಹ್ನ ಕಾಗದವನ್ನು ಅವಳ ಮೇಜಿನ ಮೇಲಿಟ್ಟು, ನಾನು ಕಿಟಕಿಯ ಹತ್ತಿರ ಗಿಡಕ್ಕೆ ನೀರು ಹಾಕುವವನ ಹಾಗೆ ನಿಂತೆ.

(ಜೂನ್‌ನಲ್ಲಿ ಏನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಇಂಗ್ಲಿಷ್‌ನಲ್ಲಿ ನೂರಿಪ್ಪತ್ತಾರು ಬಂತು, ಎರಡೂ ಪ್ಯಾರಾ ತುಂಬಿತ್ತು. ಅದರಲ್ಲಿ ನನ್ನ ಪಾಲು ಎಷ್ಟು ಎಂಬುದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.)

ಯೀಲಾನ್ ಊಟ ಮುಗಿಸಿ ಬಂದು ಕಾಗದ ನೋಡಿದಳು. ಮೊದಲ ಸಲ ಓದಿದಳು. ಎರಡನೆಯ ಸಲ ಬೆರಳಿಟ್ಟುಕೊಂಡು ಓದಿದಳು. ನನ್ನ ಕಡೆ ತಿರುಗಲಿಲ್ಲ.

"ಅಪ್ಪ, ಪೀಟರ್ ಕಾಗದ ಬರೆದಿದಾನೆ."

"ಹೌದಾ?" ಎಂದೆ, ಗಿಡದ ಕಡೆ ನೋಡುತ್ತ. "ಏನಂತೆ?"

"ಸರಿಯಾಗಿ ಗೊತ್ತಾಗ್ತಿಲ್ಲ. ನಾನು ನಿಮ್ಮನ್ನ ತಿನ್ನಬೇಕಂತೆ, ಮೊಟ್ಟೆ ಮಲಗಬೇಕಂತೆ. ಇವನ ಇಂಗ್ಲಿಷ್ ಬಹಳ ಮೋಸ."

"ವಿದೇಶದವನಲ್ವಾ ಅವನು?"

"ಅದೇ ನನಗೂ ಆಶ್ಚರ್ಯ."

ಕೆಂಪು ಪೆನ್ನು ತೆಗೆದಳು. ಸಾಲು ಸಾಲಾಗಿ ತಿದ್ದುತ್ತ ಹೋದಳು. ಬರೆದ ಕಪ್ಪಿಗಿಂತ ತಿದ್ದಿದ ಕೆಂಪೇ ಜಾಸ್ತಿಯಾಯಿತು. ಮೇಲಿನ ಮೂಲೆಯಲ್ಲಿ ಅಂಕ ಹಾಕಿ, ಕೆಳಗೆ ಯಾನ್ ಟೀಚರ ಧಾಟಿಯಲ್ಲಿ ಒಂದು ಸಾಲು ಗೀಚಿ, ಕಾಗದವನ್ನು ನನ್ನ ಕೈಗೆ ಕೊಟ್ಟಳು. ಆಗ ನನ್ನ ತೋಳನ್ನು ಒಂದು ಕ್ಷಣ ಹಿಡಿದುಕೊಂಡಿದ್ದಳು. ಆಮೇಲೆ ಹೋಗಿ ಮಲಗಿದಳು. ಗೋಡೆಯ ಕಡೆ ಮುಖ ಮಾಡಿದ ಎರಡೇ ನಿಮಿಷಕ್ಕೆ ಅವಳ ಉಸಿರು ಭಾರವಾಯಿತು.

ನಾನು ಪರದೆ ಎಳೆದು, ಬಾಗಿಲು ಮುಚ್ಚಿ, ಅದರ ಮುಂದೆ ಮಣೆ ಹಾಕಿಕೊಂಡು ಕಾವಲು ಕೂತೆ. ಕಾಗದ ನೋಡಿದೆ. ಹದಿನೈದಕ್ಕೆ ಮೂರು. 'ಅಂಕ ಕೊಟ್ಟಿರುವುದು ಅಕ್ಷರಕ್ಕೆ ಮಾತ್ರ.'

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸೂಯುನ್‌ಳ ದನಿ ಅವಳಿಗಿಂತ ಮೊದಲೇ ಹತ್ತಿ ಬಂತು. ಅವಳು ಒಳಗೆ ಕಾಲಿಡುವ ಮೊದಲೇ ನಾನು ಎರಡೂ ಕೈಯೆತ್ತಿ ತಡೆದೆ.

"ಮೆಲ್ಲಗೆ. ಮಲಗಿದಾಳೆ."

"ನಿಮ್ಮ ಮುಖ ಯಾಕೆ ಹೀಗಿದೆ? ಏನಾಯ್ತು?"

"ಇಂಗ್ಲಿಷಲ್ಲಿ ಫೇಲು," ಎಂದೆ. "ಹದಿನೈದಕ್ಕೆ ಮೂರು."

ಅವಳ ಕೈಯಲ್ಲಿದ್ದ ಚೀಲ ನೆಲಕ್ಕೆ ಇಳಿಯಿತು. ನನ್ನ ಪಕ್ಕದಲ್ಲೇ ಕುಸಿದು ಕೂತಳು. ಜನ್ಮದಲ್ಲಿ ಮೊದಲ ಬಾರಿಗೆ ಅವಳ ದನಿ ಪಿಸುಮಾತಾಯಿತು. "ದೇವರೇ, ಇನ್ನು ಐವತ್ತು ದಿನ ಇಲ್ಲ. ಈಗ ಏನ್ರೀ ಮಾಡೋದು?"

"ಅವಳಲ್ಲ ಕಣೇ," ಎಂದೆ. "ನಾನು."

ಸೂಯುನ್ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಲಿಂದ ಕೆಳಗೆ ನೋಡಿದಳು. ಕಣ್ಣೊರೆಸಿಕೊಂಡಳು.

"ಸದ್ಯ, ನೀವಾ," ಎಂದು ಚೀಲ ಎತ್ತಿಕೊಂಡು ಎದ್ದಳು. "ನಾನೆಲ್ಲೋ ಓದೋರು ಯಾರೋ ಫೇಲಾದ್ರು ಅಂದ್ಕೊಂಡೆ." ಅಡುಗೆಮನೆಗೆ ಹೋಗಿ ಕಳಲೆ ಸುಲಿಯಲು ಕೂತಳು.